ಹುಲಿ ನೋಡಲು ಹೊರಟೆವು, ಲೆಕ್ಕ ಕಲಿತೆವು

“ಉಸ್ತಾದ್ರಿ, ಹುಲಿ ಖರೇನ ಅಷ್ಟು ದೊಡ್ಡದು ಇರ್ತದೇನ್ರಿ?”

ಕಳೆದ ಅಕ್ಟೋಬರ್‌ನಲ್ಲಿ ಜೇವರ್ಗಿಯ ಮದ್ರಸದಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಅವನ ಶಾಲೆಯ ಪುಸ್ತಕದಲ್ಲಿ ಹುಲಿಯ ಚಿತ್ರ ಇತ್ತು. ಆದರೆ ಅವನು ಕಣ್ಣಾರೆ ಕಂಡ ಹುಲಿ ಒಂದೇ. ಮೊಹರಂನಲ್ಲಿ ಮೈಗೆ ಬಣ್ಣ ಬಳಿದುಕೊಂಡು ಹಲಗೆ ಬಡಿತಕ್ಕೆ ಕುಣಿಯುವ ಹುಲಿ. “ಅದು ನಮ್ಮ ಮಾಮಾನೇ ಇದ್ದ ಬಿಡ್ರಿ” ಅಂತ ಪಕ್ಕದಲ್ಲಿ ಕೂತವನು ಹೇಳಿದ. ಇಡೀ ತರಗತಿ ನಕ್ಕಿತು.

ನಮಗೂ ನಗು ಬಂತು. ಆದರೆ ಪ್ರಶ್ನೆ ಮನಸ್ಸಿನಲ್ಲೇ ಉಳಿಯಿತು. ಮಂಗಳೂರಿನ ಕಡೆಯ ನಮ್ಮ ಮಕ್ಕಳಿಗೆ ಪಿಲಿಕುಳ ಇದೆ. ‘ಪಿಲಿ’ ಅಂದರೆ ತುಳುವಿನಲ್ಲಿ ಹುಲಿ, ‘ಕುಳ’ ಅಂದರೆ ಕೊಳ. ಹೆಸರಿನಲ್ಲೇ ಹುಲಿ ಇರುವ ಆ ಜಾಗಕ್ಕೆ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೋಗಿ ಮಗ್ರಿಬ್‌ಗೆ ಮೊದಲು ವಾಪಸ್ ಬರಬಹುದು. ಘಟ್ಟ ಹತ್ತಿದರೆ ಕಾಡು, ಇಳಿದರೆ ಸಮುದ್ರ. ಇಲ್ಲಿನ ಮಕ್ಕಳಿಗೆ ಕಣ್ಣು ಹಾಯಿಸಿದಷ್ಟು ದೂರ ತೊಗರಿ ಹೊಲ, ಕಪ್ಪು ಮಣ್ಣು, ಅಲ್ಲಲ್ಲಿ ಜಾಲಿ ಮರ. ದೊಡ್ಡ ಮರಗಳ ಕಾಡು ಹೇಗಿರುತ್ತದೆ ಎಂದು ಅವರಲ್ಲಿ ಹೆಚ್ಚಿನವರು ಕಂಡೇ ಇಲ್ಲ.

ನಾವು ಮೂವರು ಉಸ್ತಾದರು ಕರಾವಳಿಯವರು. ಒಬ್ಬರು ಆಳಂದದಲ್ಲಿ, ಒಬ್ಬರು ಅಫಜಲಪುರದ ಕಡೆ, ಇನ್ನೊಬ್ಬರು ಜೇವರ್ಗಿಯಲ್ಲಿ. ಮೂರು ಊರೂ ಕಲಬುರಗಿ ಜಿಲ್ಲೆಯವೇ. ಆ ವಾರ ಆಳಂದದಲ್ಲಿ ಸೇರಿದಾಗ ವಿಷಯ ಎತ್ತಿದೆವು. ಮಕ್ಕಳನ್ನು ಹುಲಿ ಇರುವ ಕಾಡಿಗೆ ಕರೆದುಕೊಂಡು ಹೋಗೋಣ. ಇಪ್ಪತ್ತೆರಡು ಮಕ್ಕಳು, ಬರುವುದಾದರೆ ಕೆಲವರ ತಂದೆ ತಾಯಿ, ಜೊತೆಗೆ ನಾವು. ಹೇಳಲು ಸುಲಭವಾಗಿತ್ತು. ಆಮೇಲೆ ಆದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇವೆ. ಮುಂದೆ ಇಂಥ ಪ್ರವಾಸ ಹೊರಡುವ ಮನೆಯವರಿಗೆ ನಮ್ಮ ತಪ್ಪಿನಿಂದಲಾದರೂ ಉಪಯೋಗವಾಗಲಿ ಅಂತ.

ಎಲ್ಲಿಗೆ ಹೋಗುವುದು?

ಮೊದಲ ಗೊಂದಲ ಹೆಸರಿನದ್ದು. ರಾಷ್ಟ್ರೀಯ ಉದ್ಯಾನ ಬೇರೆ, ಹುಲಿ ಸಂರಕ್ಷಿತ ಪ್ರದೇಶ ಬೇರೆ. ಕರ್ನಾಟಕದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ. ಹುಲಿ ಸಂರಕ್ಷಿತ ಪ್ರದೇಶಗಳೂ ಐದು: ಬಂಡೀಪುರ, ನಾಗರಹೊಳೆ, ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ. ಎರಡೂ ಪಟ್ಟಿಯಲ್ಲಿ ಬರುವುದು ಬಂಡೀಪುರ, ನಾಗರಹೊಳೆ ಮತ್ತು ಅಣಶಿ. ಅಣಶಿ ಮತ್ತು ದಾಂಡೇಲಿ ಸೇರಿ 2007ರಲ್ಲಿ ಆದ ಹುಲಿ ಪ್ರದೇಶಕ್ಕೇ 2015ರಲ್ಲಿ ಕಾಳಿ ಎಂಬ ಹೆಸರು ಬಂತು. ನಮ್ಮ ಘಟ್ಟದ ಮೇಲಿನ ಕುದುರೆಮುಖ ಹುಲಿ ಸಂರಕ್ಷಿತ ಪ್ರದೇಶ ಅಲ್ಲ, ರಾಷ್ಟ್ರೀಯ ಉದ್ಯಾನ ಮಾತ್ರ.

ಎಲ್ಲರ ಬಾಯಲ್ಲಿ ಬಂದದ್ದು ಬಂಡೀಪುರ. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಅದೂ ಒಂದು. ಆ ಯೋಜನೆ ಯಾಕೆ ಬೇಕಾಯಿತು ಅಂತ ಮಕ್ಕಳಿಗೆ ಹೇಳುವುದಕ್ಕೆ ನಾವೂ ಕೂತು ಓದಿದೆವು. ಬೇಟೆಯಿಂದಲೂ ಕಾಡು ಕಡಿದದ್ದರಿಂದಲೂ ಹುಲಿ ಮುಗಿಯುವ ಹಂತಕ್ಕೆ ಬಂದಿತ್ತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆದರೂ 2006ರ ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಅಂದಾಜು 1,411 ಮಾತ್ರ. 2022ರ ಗಣತಿಯಲ್ಲಿ ಅದು 3,682ಕ್ಕೆ ಏರಿತು. ಅದರಲ್ಲಿ ಕರ್ನಾಟಕದ್ದು 563. ಮಧ್ಯಪ್ರದೇಶದ 785 ಬಿಟ್ಟರೆ ನಮ್ಮ ರಾಜ್ಯವೇ ಎರಡನೆಯದು. ಬಂಡೀಪುರದಲ್ಲಿ 150, ಪಕ್ಕದ ನಾಗರಹೊಳೆಯಲ್ಲಿ 141.

ಗಣತಿ ಹೇಗೆ ಮಾಡುತ್ತಾರೆ ಅಂತ ಕೇಳಿದಾಗ ಮಕ್ಕಳಿಗೆ ಖುಷಿಯಾದ ವಿಷಯ ಒಂದಿದೆ. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಕಾಡುದಾರಿಯ ಎರಡೂ ಕಡೆ ಕ್ಯಾಮೆರಾ ಕಟ್ಟಿಡುತ್ತಾರೆ. ಹುಲಿ ಹಾದು ಹೋದರೆ ತಾನೇ ಫೋಟೊ ತೆಗೆದುಕೊಳ್ಳುತ್ತದೆ. ಪಟ್ಟೆ ಹೋಲಿಸಿ ಇದು ಹಳೆಯದ್ದಾ ಹೊಸದ್ದಾ ಎಂದು ಹೇಳುತ್ತಾರೆ. ಈ ಕೆಲಸಕ್ಕೆ ದೇಶದಲ್ಲಿ ದಾರಿ ಹಾಕಿಕೊಟ್ಟವರು ನಮ್ಮ ದಕ್ಷಿಣ ಕನ್ನಡದ ಮೂಲದವರೇ ಆದ ಉಲ್ಲಾಸ್ ಕಾರಂತರು, ಅದೂ ನಾಗರಹೊಳೆಯ ಕಾಡಿನಲ್ಲಿ. “ಹಂಗಾದ್ರ ಹುಲಿಗೂ ಆಧಾರ್ ಅದ ಅನ್ರಿ” ಅಂದ ಒಬ್ಬ.

ದೂರದ ಲೆಕ್ಕ, ತೊಗರಿಯ ಲೆಕ್ಕ

ಬಂಡೀಪುರ ಅಂತ ನಿಶ್ಚಯವಾದ ಮೇಲೆ ದಾರಿ ನೋಡಿದೆವು. ಕಲಬುರಗಿಯಿಂದ ಬೆಂಗಳೂರಿಗೇ ಸುಮಾರು 600 ಕಿ.ಮೀ. ಅಲ್ಲಿಂದ ಮೈಸೂರು, ಗುಂಡ್ಲುಪೇಟೆ ದಾಟಿ ಹೋಗಬೇಕು. ಒಟ್ಟು 800 ಕಿ.ಮೀ.ಗೂ ಹೆಚ್ಚು. ರೈಲಿನಲ್ಲಾದರೆ ಬಸವ ಎಕ್ಸ್‌ಪ್ರೆಸ್ ಕಲಬುರಗಿಯಿಂದ ಸೀದಾ ಮೈಸೂರಿಗೆ ಹೋಗುತ್ತದೆ. ಅಫಜಲಪುರದವರಿಗೆ ವಿಜಯಪುರದಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್ ಇದೆ, ಹುಬ್ಬಳ್ಳಿ ಮೇಲಿಂದ ಮೈಸೂರಿಗೆ. ಒಂದೇ ರಾಜ್ಯದೊಳಗೆ ಇಷ್ಟು ದೂರ. ನಮ್ಮೂರಿಗೆ ರಜೆಗೆ ಹೋಗುವಾಗ ನಮಗೆ ಅಭ್ಯಾಸ ಇದೆ, ಮಕ್ಕಳಿಗೆ ಇಲ್ಲ.

ರೈಲು, ಮೈಸೂರಿನಿಂದ ವ್ಯಾನು, ಒಂದು ರಾತ್ರಿಯ ವಸತಿ, ಊಟ, ಸಫಾರಿ ಟಿಕೆಟ್ ಎಲ್ಲ ಸೇರಿ ತಲೆಗೆ 4,000 ರೂಪಾಯಿ ಬಂತು. ನಮಗೆ ಅದು ಕಡಿಮೆಯೇ ಅನ್ನಿಸಿತು. ಆಳಂದದ ಒಬ್ಬ ತಂದೆ ಕಾಗದ ನೋಡಿ ಒಂದೇ ಮಾತು ಹೇಳಿದರು: “ಅರ್ಧ ಕ್ವಿಂಟಲ್ ತೊಗರಿ ಆಯ್ತಲ್ರಿ ಉಸ್ತಾದ್ರ.”

ಸರಿಯಾದ ಲೆಕ್ಕ. 2025–26ರಲ್ಲಿ ತೊಗರಿಗೆ ಕೇಂದ್ರ ಸರಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ ಇತ್ತು. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಇದಕ್ಕೆ ತೊಗರಿ ಕಣಜ ಅನ್ನುತ್ತಾರೆ. ಆದರೆ 2025ರ ಮಳೆಗಾಲ ಕಣಜವನ್ನೇ ಕೊಚ್ಚಿಕೊಂಡು ಹೋಯಿತು. ಸುರಿದ ಮಳೆಗೆ ಹೊಲದಲ್ಲಿ ನೀರು ನಿಂತು ಗಿಡ ಕೊಳೆಯಿತು. ಸೆಪ್ಟೆಂಬರ್‌ನಲ್ಲಿ ಭೀಮಾ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ನದಿ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಇಂಥ ವರ್ಷದಲ್ಲಿ ಹುಲಿ ನೋಡಲು ಅರ್ಧ ಕ್ವಿಂಟಲ್ ತೊಗರಿ ಕೊಡಿ ಅಂತ ನಾವು ಕೇಳಿದ್ದೆವು.

ಪ್ರವಾಸದ ಮಾತು ಅಲ್ಲಿಗೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಆ ತಂದೆಯೇ ಮರುವಾರ ಬಂದು 1,000 ರೂಪಾಯಿ ಕೊಟ್ಟು, “ಉಳಿದದ್ದು ತಿಂಗಳಿಗೆ ಐನೂರು ಕೊಡ್ತೀನ್ರಿ. ನಾ ಅಂತೂ ಪುಣೆ, ಮುಂಬೈ ಅಂತ ಗುಳೆ ಹೋಗಿ ಕಟ್ಟಡ ನೋಡೀನಿ. ಮಗ ಕಾಡು ನೋಡ್ಲಿ” ಅಂದರು. ಹೀಗೆ ಒಬ್ಬೊಬ್ಬರಿಂದ ಚಿಲ್ಲರೆ ಚಿಲ್ಲರೆಯಾಗಿ ದುಡ್ಡು ಸೇರಿತು. ಜನವರಿಯಲ್ಲಿ ಹೋಗುವುದು ಅಂತ ಗೊತ್ತು ಮಾಡಿದೆವು. ಕಾಡಂಚಿನ ಒಂದು ವಸತಿಗೃಹಕ್ಕೆ ಫೋನಿನಲ್ಲೇ ಮಾತಾಡಿ 10,000 ರೂಪಾಯಿ ಮುಂಗಡ ಕಳಿಸಿದೆವು.

ನವೆಂಬರ್‌ನ ಸುದ್ದಿ

ನವೆಂಬರ್ ಮೊದಲ ವಾರ ಪೇಪರ್ ತೆರೆದರೆ ಸುದ್ದಿ ಬೇರೆಯೇ. ಮೈಸೂರು ಜಿಲ್ಲೆಯ ಸರಗೂರು ಕಡೆ ಕೆಲವೇ ವಾರಗಳಲ್ಲಿ ಒಬ್ಬರ ಹಿಂದೆ ಒಬ್ಬರು ರೈತರು ಹುಲಿ ದಾಳಿಗೆ ಬಲಿಯಾಗಿದ್ದರು. ಜನ ರೊಚ್ಚಿಗೆದ್ದಿದ್ದರು. ಅರಣ್ಯ ಸಚಿವ ಈಶ್ವರ ಖಂಡ್ರೆ ಬಂಡೀಪುರ ಮತ್ತು ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಲು ಆದೇಶ ಮಾಡಿದರು. ಸಫಾರಿಗೆ ಓಡಾಡುವ ಸಿಬ್ಬಂದಿ, ವಾಹನಗಳನ್ನು ಹುಲಿ ಹಿಡಿಯುವ ಕೆಲಸಕ್ಕೆ ಹಚ್ಚುವುದು ಅಂತಾಯಿತು.

ನಮ್ಮ ಮೊದಲ ಚಿಂತೆ ದುಡ್ಡಿನದ್ದು. ವಸತಿಗೃಹಕ್ಕೆ ಫೋನ್ ಮಾಡಿದರೆ, “ಸಫಾರಿ ನಿಂತದ್ದಕ್ಕೆ ನಾವೇನು ಮಾಡೋಣ, ರೂಮ್ ಇದೆ ಬನ್ನಿ” ಅಂದರು. ಹತ್ತು ಸಲ ಕೇಳಿದ ಮೇಲೆ ಅರ್ಧ ವಾಪಸ್ ಬಂತು. ರಸೀದಿ ಇಲ್ಲ, ಷರತ್ತು ಬರೆಸಿಕೊಂಡಿಲ್ಲ. ತಪ್ಪು ನಮ್ಮದೂ ಇತ್ತು. ಅದು ಮಕ್ಕಳ ಮನೆಯ ದುಡ್ಡು, ನಮ್ಮ ಕೈಯಲ್ಲಿದ್ದ ಅಮಾನತ್. ಹೋದ 5,000 ರೂಪಾಯಿಯನ್ನು ನಾವು ಮೂವರು ಸಂಬಳದಿಂದ ಹಾಕಿ, ಎಲ್ಲರನ್ನೂ ಕರೆದು ಲೆಕ್ಕ ಒಪ್ಪಿಸಿದೆವು.

ಆ ದಿನ ಸೇರಿದಾಗ ನಾವು, ಸಫಾರಿ ಮತ್ತೆ ಶುರುವಾದ ಮೇಲೆ ಹೋಗೋಣ, ದುಡ್ಡು ಹಾಗೇ ಇರಲಿ ಅಂತ ಹೇಳಿದೆವು. ಹಿಂದೆ ಕೂತಿದ್ದ ಅಫಜಲಪುರದ ಒಬ್ಬ ತಾಯಿ ಸೆರಗು ಸರಿಮಾಡಿಕೊಂಡು ಕೇಳಿದರು:

“ಸತ್ತೋರೂ ನಮ್ಮಂಗ ಹೊಲಕ್ಕ ಹೋದೋರ ಅಲ್ಲೇನ್ರಿ? ಅವರ ಹೆಣ ಮನಿಗಿ ಬಂದದ. ನೀವು ಜೀಪಿನಾಗ ಕುಂತು ಅದೇ ಹುಲಿ ನೋಡ್ಲಿಕ್ಕ ಹೊಂಟೀರಿ. ಅವರ ಮಕ್ಕಳು ನಿಮ್ಮ ಜೀಪ್ ನೋಡಿ ಏನಂತಾವ?”

ಯಾರೂ ಮಾತಾಡಲಿಲ್ಲ. ನಮ್ಮ ಹತ್ತಿರವೂ ಉತ್ತರ ಇರಲಿಲ್ಲ. ಅಷ್ಟು ದಿನ ಟಿಕೆಟ್, ರೈಲು, ರೂಮು ಅಂತ ಲೆಕ್ಕ ಹಾಕಿದ್ದೆವು. ಕಾಡಂಚಿನಲ್ಲಿ ಬದುಕುವವರ ಲೆಕ್ಕ ನಮ್ಮ ಕಾಗದದಲ್ಲಿ ಇರಲಿಲ್ಲ.

ಎರಡೂ ಕಡೆಯ ಮಾತು

ಮನೆಗೆ ಬಂದು ನಾವು ಇನ್ನಷ್ಟು ಓದಿದೆವು, ಗೊತ್ತಿದ್ದವರನ್ನು ಕೇಳಿದೆವು. ತಿಳಿದದ್ದು ಇಷ್ಟು. ಹುಲಿಗೆ ತನ್ನದೇ ಜಾಗ ಬೇಕು. ಬೆಳೆದ ಗಂಡುಮರಿಯನ್ನು ಇನ್ನೊಂದು ಗಂಡು ಹತ್ತಿರ ಸೇರಿಸುವುದಿಲ್ಲ. ವಯಸ್ಸಾದದ್ದು, ಗಾಯವಾದದ್ದು, ಜಾಗ ಸಿಗದ ಮರಿ ಇವೆಲ್ಲ ಕಾಡಿನ ಅಂಚಿಗೆ ಬರುತ್ತವೆ. ಅಂಚಿನಲ್ಲಿ ಹೊಲ ಇದೆ, ದನ ಇದೆ. ಒಳಗೆ ನೋಡಿದರೆ ಲಂಟಾನ, ಸೆನ್ನಾ ಅನ್ನುವ ಹೊರಗಿನಿಂದ ಬಂದ ಗಿಡಗಳು ಹಬ್ಬಿ ಹುಲ್ಲು ಬೆಳೆಯಲು ಬಿಡುತ್ತಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ ಇಲ್ಲ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿ ಬೇಕು ಅನ್ನುತ್ತಾರೆ. ಹೊಟ್ಟೆ ಹಸಿದರೆ ಅದು ದನದ ಕಡೆ ನೋಡುತ್ತದೆ. ದನ ಕಾಯಲು ಹೋದ ಮನುಷ್ಯ ಎದುರು ಸಿಗುತ್ತಾನೆ.

ಇನ್ನೊಂದು ಕಡೆಯದ್ದೂ ಕೇಳಿ. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ಬೆಟ್ಟದ ಕಾಡಿನಲ್ಲಿ, ಹೂಗ್ಯಂ ವಲಯದಲ್ಲಿ, ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿ ಒಟ್ಟಿಗೆ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಮಾಂಸಕ್ಕೆ ವಿಷ ಹಾಕಿದ್ದರು. ಒಂದು ಹಸು ಹೋದ ಸಿಟ್ಟಿಗೆ ಐದು ಜೀವ ಹೋಯಿತು. ಹಸು ಸಾಕಿದವನ ನಷ್ಟ ಸುಳ್ಳಲ್ಲ, ಸತ್ತ ಮರಿಗಳೂ ಸುಳ್ಳಲ್ಲ.

ಕಾಡಿನಿಂದ ಜನರನ್ನು ಹೊರಗೆ ಕಳಿಸಿದ ಕಥೆಯೂ ಇದೆ. ಭದ್ರಾದಲ್ಲಿ 2001–02ರ ಸುಮಾರಿಗೆ ಕಾಡಿನೊಳಗಿನ ಹಳ್ಳಿಗಳವರಿಗೆ ಹೊರಗೆ ಜಮೀನು, ಮನೆ ಕೊಟ್ಟು ಸ್ಥಳಾಂತರ ಮಾಡಿದರು. ದೇಶದಲ್ಲಿ ಒಳ್ಳೆಯದಾಗಿ ನಡೆದ ಪುನರ್ವಸತಿ ಅಂತ ಅದನ್ನು ಹೇಳುತ್ತಾರೆ. ಬಿಳಿಗಿರಿರಂಗನ ಬೆಟ್ಟದಲ್ಲಿ ದಾರಿ ಬೇರೆ. 2011ರಲ್ಲಿ ಹುಲಿ ಪ್ರದೇಶ ಅಂತ ಘೋಷಣೆಯಾದ ಅದೇ ವರ್ಷ ಅಲ್ಲಿನ ಸೋಲಿಗರಿಗೆ ಕಾಡಿನ ಮೇಲಿನ ಸಮುದಾಯ ಹಕ್ಕನ್ನೂ ಕೊಟ್ಟರು. ಜನರೂ ಇದ್ದಾರೆ, ಹುಲಿಯೂ ಇದೆ. ಎಲ್ಲ ಕಡೆ ಒಂದೇ ಔಷಧಿ ನಡೆಯುವುದಿಲ್ಲ ಎಂದು ಇದರಿಂದ ನಮಗೆ ಗೊತ್ತಾಯಿತು.

ಆ ತಾಯಿಯ ಹತ್ತಿರ ಹೋಗಿ ಇದನ್ನೆಲ್ಲ ಹೇಳಿದೆವು. ಅವರು ಕೇಳಿಸಿಕೊಂಡು, “ಹಂಗಾದ್ರ ಇದನ್ನ ಮೊದಲ ಹುಡುಗರಿಗಿ ಹೇಳ್ರಿ. ಆಮ್ಯಾಲ ಕರ್ಕೊಂಡು ಹೋಗ್ರಿ” ಅಂದರು. ನಾವು ಹಾಗೇ ಮಾಡಿದೆವು. ಮೂರೂ ಮದ್ರಸಗಳಲ್ಲಿ ಒಂದೊಂದು ದಿನ ಹುಲಿಯ ಪಾಠವೇ ನಡೆಯಿತು.

ಮೊದಲು ಹತ್ತಿರದ ಕಾಡು

ಜನವರಿಯ ರಜೆ ಸುಮ್ಮನೆ ಹೋಗುವುದು ಬೇಡ ಅಂತ ನಮ್ಮದೇ ಜಿಲ್ಲೆಯ ಚಿಂಚೋಳಿಗೆ ಒಂದು ದಿನದ ಪ್ರವಾಸ ಇಟ್ಟೆವು. ಕರಾವಳಿಯ ಓದುಗರಿಗೆ ಈ ಹೆಸರು ಹೊಸದಿರಬಹುದು. ಕಲಬುರಗಿಯಿಂದ 100 ಕಿ.ಮೀ.ಯೊಳಗೆ, ತೆಲಂಗಾಣದ ಗಡಿಗೆ ಹತ್ತಿಕೊಂಡು, 134.88 ಚದರ ಕಿ.ಮೀ. ಕಾಡಿದೆ. 2011ರಲ್ಲಿ ಅದನ್ನು ವನ್ಯಜೀವಿ ಅಭಯಾರಣ್ಯ ಅಂತ ಘೋಷಣೆ ಮಾಡಿದರು. ಚಂದ್ರಂಪಳ್ಳಿ ಜಲಾಶಯ ಅದರ ನಡುವೆ ಇದೆ. ಅಲ್ಲಿ ಹುಲಿ ಇಲ್ಲ. ತೋಳ, ನರಿ, ಕತ್ತೆಕಿರುಬದಂಥ ಪ್ರಾಣಿಗಳ ಕಾಡು ಅದು. ಒಳಗೆ ಲಂಬಾಣಿ ತಾಂಡಾಗಳೂ ಇವೆ.

ತಲೆಗೆ 300 ರೂಪಾಯಿಯಲ್ಲಿ ಮುಗಿಯಿತು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಮನೆಯಿಂದಲೇ ಕಟ್ಟಿಕೊಂಡಿದ್ದೆವು. ಕಾವಲಿನ ಒಬ್ಬರು ಮಕ್ಕಳನ್ನು ನೀರಿನ ಅಂಚಿಗೆ ಕರೆದುಕೊಂಡು ಹೋಗಿ ಕೆಸರಿನಲ್ಲಿ ಮೂಡಿದ್ದ ಹೆಜ್ಜೆ ತೋರಿಸಿದರು. ಉಗುರಿನ ಗುರುತು ಕಂಡರೆ ಅದು ನಾಯಿ, ತೋಳ, ಕಿರುಬದ್ದು. ಹುಲಿ, ಚಿರತೆ ನಡೆಯುವಾಗ ಉಗುರು ಒಳಗೆ ಎಳೆದುಕೊಂಡಿರುತ್ತವೆ, ಗುರುತು ಬೀಳುವುದಿಲ್ಲ ಅಂತ ಹೇಳಿಕೊಟ್ಟರು. ಆಮೇಲೆ ಇಡೀ ದಿನ ಮಕ್ಕಳ ಕಣ್ಣು ನೆಲದ ಮೇಲೆಯೇ. ಜೇವರ್ಗಿಯ ಆ ಹುಡುಗ ಮೊದಲ ಸಲ ಮರದ ನೆರಳಲ್ಲಿ ಒಂದು ಕಿಲೋಮೀಟರ್ ನಡೆದ. “ಬಿಸಿಲೇ ಹತ್ತವಲ್ದು ನೋಡ್ರಿ” ಅಂತ ಮೂರು ಸಲ ಹೇಳಿದ.

ದೊಡ್ಡ ಪ್ರವಾಸಕ್ಕೆ ಮೊದಲು ಇಂಥ ಸಣ್ಣದೊಂದು ಮಾಡಿದ್ದು ಒಳ್ಳೆಯದಾಯಿತು. ಯಾವ ಮಗುವಿಗೆ ವ್ಯಾನಿನಲ್ಲಿ ವಾಂತಿ, ಯಾರು ಒಂದು ಗಳಿಗೆಯೂ ಬಾಯಿ ಮುಚ್ಚುವುದಿಲ್ಲ, ಯಾರ ಚಪ್ಪಲಿ ಹರಿದಿದೆ ಎಲ್ಲ ಗೊತ್ತಾಯಿತು.

ಗಡಿಯಾಚೆಗೆ ಸಿಕ್ಕಿದ ದಾರಿ

ನಕ್ಷೆ ಇಟ್ಟುಕೊಂಡು ಕೂತಾಗ ಇನ್ನೊಂದು ವಿಷಯ ಕಂಡಿತು. ಕರ್ನಾಟಕದ ಹುಲಿ ಕಾಡುಗಳೆಲ್ಲ ನಮಗೆ ದೂರ. ಆದರೆ ಜೇವರ್ಗಿಗೆ ಹತ್ತಿರದ ಹುಲಿ ಸಂರಕ್ಷಿತ ಪ್ರದೇಶ ತೆಲಂಗಾಣದಲ್ಲಿದೆ: ಅಮ್ರಾಬಾದ್. ಹಳೆಯ ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಪ್ರದೇಶ ರಾಜ್ಯ ವಿಭಜನೆಯಾದಾಗ ಎರಡಾಯಿತು. ತೆಲಂಗಾಣದ ಪಾಲಿಗೆ ಬಂದದ್ದಕ್ಕೆ ಈ ಹೆಸರು. 2,600 ಚದರ ಕಿ.ಮೀ.ಗೂ ಹೆಚ್ಚು ವಿಸ್ತಾರ, ದೇಶದ ದೊಡ್ಡ ಹುಲಿ ಪ್ರದೇಶಗಳಲ್ಲಿ ಒಂದು. ಹೈದರಾಬಾದಿನಿಂದ ಶ್ರೀಶೈಲಕ್ಕೆ ಹೋಗುವ ಹೆದ್ದಾರಿಯಲ್ಲೇ ಮನ್ನನೂರು, ಫರಹಾಬಾದ್ ಸಿಗುತ್ತವೆ. ಸಫಾರಿ ಹೊರಡುವುದು ಫರಹಾಬಾದಿನಿಂದ. ನಿಜಾಮರ ಕಾಲದ ಬೇಟೆಯ ಜಾಗ ಅದು. ‘ಫರಹ್’ ಅಂದರೆ ಸಂತೋಷ ಅಂತ ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 1948ರ ತನಕ ಆಳಂದ, ಅಫಜಲಪುರ, ಜೇವರ್ಗಿಯೂ ಅದೇ ಹೈದರಾಬಾದ್ ಸಂಸ್ಥಾನದಲ್ಲಿ ಇದ್ದವು. ಅಲ್ಲಿ ಉರ್ದು ನಡೆಯುತ್ತದೆ, ಮಕ್ಕಳ ದಖನಿಗೂ ತೊಂದರೆ ಇಲ್ಲ. ಕಾಡಿನ ಮೂಲ ನಿವಾಸಿಗಳು ಚೆಂಚು ಜನ.

ಬಂಡೀಪುರದಲ್ಲಿ ಕಾಣುವಷ್ಟು ಸುಲಭವಾಗಿ ಅಲ್ಲಿ ಹುಲಿ ಕಾಣುವುದಿಲ್ಲ. ಅದನ್ನು ಮಕ್ಕಳಿಗೂ ಮನೆಯವರಿಗೂ ಮೊದಲೇ ಹೇಳಿದ್ದೇವೆ. ಆದರೆ ದಾರಿ ಅರ್ಧಕ್ಕಿಂತ ಕಡಿಮೆ, ಖರ್ಚೂ ಹಾಗೇ. ಶಾಲೆ ಪರೀಕ್ಷೆ ಮುಗಿದ ಮೇಲೆ, ಬೇಸಿಗೆಯಲ್ಲಿ ಹೋಗುವುದು ಅಂತ ತೀರ್ಮಾನವಾಗಿದೆ. ಬಿಸಿಲಿನ ಕಾಲದಲ್ಲಿ ಎಲೆ ಉದುರಿ ದೂರದ ತನಕ ಕಾಣುತ್ತದೆ, ಪ್ರಾಣಿಗಳು ನೀರಿಗೆ ಬರುತ್ತವೆ. ಮಳೆಗಾಲದಲ್ಲಿ ಅಲ್ಲಿ ಸಫಾರಿ ಇರುವುದಿಲ್ಲ.

ನಮಾಝಿನ ಹೊತ್ತು, ಊಟದ ಬುತ್ತಿ

ಸಫಾರಿ ಎಲ್ಲ ಕಡೆಯೂ ಸಾಮಾನ್ಯವಾಗಿ ಎರಡು ಹೊತ್ತು, ಬೆಳಿಗ್ಗೆ ಮತ್ತು ಮಧ್ಯಾಹ್ನದ ನಂತರ. ಇದರಲ್ಲಿ ಯಾವುದು ಅನ್ನುವುದನ್ನು ನಮಾಝ್ ನೋಡಿಕೊಂಡು ಆರಿಸಬೇಕು. ಒಳಗೆ ಹೋದ ಮೇಲೆ ವಾಹನದಿಂದ ಇಳಿಯುವ ಹಾಗಿಲ್ಲ. ಕರಾವಳಿಯ ನಾವು ಶಾಫಿಈಗಳು, ಪ್ರಯಾಣದಲ್ಲಿ ಅಸರ್ ಅನ್ನು ಳುಹರ್ ಜೊತೆ ಜಮ್‌ಅ್ ಮಾಡಬಹುದು. ಇಲ್ಲಿನ ಮಕ್ಕಳ ಮನೆಯವರು ಹನಫಿಗಳು. ಅವರಲ್ಲಿ ಹಾಗೆ ಸೇರಿಸುವುದಿಲ್ಲ, ಅಸರ್‌ನ ಹೊತ್ತು ಶುರುವಾಗುವುದೂ ತಡ. ಸಂಜೆಯ ಸಫಾರಿಗೆ ಹೋದರೆ ಅವರಿಗೆ ಗೇಟಿಗೆ ವಾಪಸ್ ಬಂದ ಮೇಲೆ ಮಗ್ರಿಬ್‌ಗೆ ಮೊದಲು ಸಿಗುವುದು ಸ್ವಲ್ಪವೇ ಹೊತ್ತು. ಅದಕ್ಕೆ ನಾವು ಬೆಳಗಿನದ್ದನ್ನೇ ಹಿಡಿದೆವು. ಸುಬಹಿ ಮುಗಿಸಿ ಹೊರಟರೆ ಯಾರಿಗೂ ಗಡಿಬಿಡಿ ಇಲ್ಲ. ಪ್ರಾಣಿ ಕಾಣುವುದಕ್ಕೂ ಬೆಳಗಿನ ತಂಪು ಹೊತ್ತೇ ಒಳ್ಳೆಯದು.

ಊಟಕ್ಕೆ ಹಲಾಲ್ ಹೋಟೆಲ್ ಹುಡುಕುತ್ತ ಅಲೆಯುವ ಬದಲು ಮೊದಲ ದಿನಕ್ಕೆ ಮನೆಯ ಬುತ್ತಿ. ಕಟಕ ರೊಟ್ಟಿ ವಾರ ಇಟ್ಟರೂ ಕೆಡುವುದಿಲ್ಲ. ಕಾಡಿನೊಳಗೆ ಒಲೆ ಹಚ್ಚುವುದು, ಬಿರಿಯಾನಿ ಪಾತ್ರೆ ಬಿಚ್ಚುವುದು ಯಾವುದೂ ಇಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದು ಎಷ್ಟು ಕಾಡು ಸುಟ್ಟುಹೋಯಿತು ಎಂದು ನಾವೆಲ್ಲ ನೋಡಿದ್ದೇವೆ. ಬೇಸಿಗೆಯಲ್ಲಿ ಒಂದು ಬೀಡಿಯ ಕಿಡಿ ಸಾಕು.

ಹೊರಡುವ ಮನೆಯವರಿಗೆ

ಕರಾವಳಿಯಿಂದ ಹೊರಡುವವರಿಗೆ ನಾಗರಹೊಳೆಗೆ ಮಡಿಕೇರಿ ಮೇಲಿನ ದಾರಿ ಹತ್ತಿರ, ಕೊಡಗಿನ ಕುಟ್ಟ ಕಡೆಗೆ ನಾಣಚ್ಚಿ ಗೇಟ್ ಇದೆ. ಭದ್ರಾಕ್ಕೆ ಚಾರ್ಮಾಡಿ ಹತ್ತಿ ಚಿಕ್ಕಮಗಳೂರು, ಮುತ್ತೋಡಿ. ಕಾಳಿಗೆ ಕಾರವಾರ ಅಥವಾ ಯಲ್ಲಾಪುರ ಕಡೆಯಿಂದ. ಎಲ್ಲಿಗೆ ಹೋದರೂ ಈ ಕೆಲವು ಮಾತು ನೆನಪಿರಲಿ.

ಸಫಾರಿ ಯಾವ ಕಾರಣಕ್ಕೂ ನಿಲ್ಲಬಹುದು: ಬೆಂಕಿ, ಮಳೆ, ಹುಲಿ ದಾಳಿ. ಹೊರಡುವ ಎರಡು ದಿನ ಮೊದಲು ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿ ಕೇಳಿ. ಟಿಕೆಟ್ ಇಲಾಖೆಯ ಕೌಂಟರಿನಲ್ಲೋ ಅದರದ್ದೇ ವೆಬ್‌ಸೈಟಿನಲ್ಲೋ ಮಾತ್ರ ತೆಗೆದುಕೊಳ್ಳಿ, ನಡುವಿನವರು ಬೇಡ.

ವಸತಿಗೆ ಮುಂಗಡ ಕೊಡುವಾಗ, ಸಫಾರಿ ನಿಂತರೆ ದುಡ್ಡು ವಾಪಸ್ ಕೊಡುತ್ತೀರಾ ಅಂತ ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪಿನಲ್ಲಾದರೂ ಬರೆಸಿಕೊಳ್ಳಿ. ನಾವು ಇದನ್ನು 5,000 ರೂಪಾಯಿ ಕೊಟ್ಟು ಕಲಿತೆವು.

ರಾತ್ರಿ ಪ್ರಯಾಣದ ಯೋಜನೆ ಬೇಡ. ಬಂಡೀಪುರದ ನಡುವೆ ಹೋಗುವ ಊಟಿ ರಸ್ತೆ ಮತ್ತು ಸುಲ್ತಾನ್ ಬತ್ತೇರಿ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಬಿಡುವುದಿಲ್ಲ. ಕೋಝಿಕ್ಕೋಡ್ ಕಡೆ ವ್ಯಾಪಾರಕ್ಕೆ ಹೋಗುವ ನಮ್ಮವರಿಗೆ ಇದರ ಮೇಲೆ ಸಿಟ್ಟಿದೆ. ಆದರೆ ಕತ್ತಲಲ್ಲಿ ಲಾರಿಗೆ ಸಿಕ್ಕಿ ಸಾಯುತ್ತಿದ್ದ ಜಿಂಕೆ, ಆನೆಗಳ ಲೆಕ್ಕವನ್ನೂ ನೋಡಬೇಕು.

ಎಲ್ಲರ ಆಧಾರ್ ಕಾರ್ಡ್ ಇರಲಿ. ಬಟ್ಟೆ ಮಣ್ಣಿನ ಬಣ್ಣದ್ದು, ಎಲೆಯ ಬಣ್ಣದ್ದು ಒಳ್ಳೆಯದು. ಅತ್ತರ್ ಆ ಒಂದು ಬೆಳಿಗ್ಗೆ ಬೇಡ. ಪ್ಲಾಸ್ಟಿಕ್ ಬಾಟಲಿ, ಚಿಪ್ಸ್ ಪ್ಯಾಕೆಟ್ ಒಳಗೆ ಒಯ್ಯಬೇಡಿ. ಕೋತಿಗೆ, ಜಿಂಕೆಗೆ ತಿನ್ನಲು ಕೊಡಬೇಡಿ. ಮೊಬೈಲ್ ಸದ್ದು ಮಾಡದ ಹಾಗೆ ಇಡಿ. ಹುಲಿ ಕಂಡರೆ ಕೂಗಬಾರದು, ಕಾಣದಿದ್ದರೆ ಚಾಲಕನ ಮೇಲೆ ರೇಗಬಾರದು. ಹತ್ತಿರ ಹೋಗು ಅಂತ ಅವನನ್ನು ಒತ್ತಾಯ ಮಾಡಬಾರದು.

ಕೊನೆಯದು. ಕಾಡಂಚಿನ ಹಳ್ಳಿಯಲ್ಲಿ ನಿಂತು ಚಹಾ ಕುಡಿಯಿರಿ, ಎಳನೀರು, ತರಕಾರಿ ಅಲ್ಲೇ ಕೊಳ್ಳಿರಿ. ಅವರ ಹತ್ತಿರ ನಾಲ್ಕು ಮಾತಾಡಿ. ಹುಲಿ ಉಳಿದಿರುವುದು ಅವರು ಸಹಿಸಿಕೊಂಡಿರುವುದರಿಂದ.

ಭೀಮೆಯ ನೀರು

ಮೊನ್ನೆ ಜೇವರ್ಗಿಯಲ್ಲಿ ಹುಡುಗರಿಗೆ ನಕ್ಷೆ ತೋರಿಸುತ್ತಿದ್ದೆವು. ಭೀಮಾ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಅದೂ ಒಂದು ಅಭಯಾರಣ್ಯದ ಕಾಡು. ಅಲ್ಲಿಂದ ಇಳಿದು, ಅಫಜಲಪುರ ದಾಟಿ, ಜೇವರ್ಗಿಯ ಹತ್ತಿರ ಕಟ್ಟಿಸಂಗಾವಿ ಸೇತುವೆಯ ಕೆಳಗೆ ಹಾದು, ರಾಯಚೂರಿನ ಕಡೆ ಕೃಷ್ಣೆಗೆ ಸೇರುತ್ತದೆ. ಕೃಷ್ಣೆ ಮುಂದೆ ಹೋಗಿ ಅಮ್ರಾಬಾದ್ ಕಾಡಿನ ಅಂಚಿನಲ್ಲೇ ಹರಿಯುತ್ತದೆ.

ಆ ಹನ್ನೊಂದು ವರ್ಷದ ಹುಡುಗ ಬೆರಳಿಟ್ಟು ನದಿಯ ಗೆರೆಯನ್ನು ಕೊನೆಯ ತನಕ ಎಳೆದ. ಆಮೇಲೆ ತಲೆ ಎತ್ತಿ ಕೇಳಿದ:

“ಹಂಗಾದ್ರ ಉಸ್ತಾದ್ರಿ, ನಮ್ಮೂರ ನೀರ ಹುಲಿ ಕುಡೀತದೇನ್ರಿ?”

ಹೌದು ಅಂದೆವು. ಈ ಸಲ ಯಾರೂ ನಗಲಿಲ್ಲ. ಅಫಜಲಪುರದ ಆ ತಾಯಿಯೂ ಮಗನ ಜೊತೆ ತಾವೂ ಬರುವುದಾಗಿ ಹೇಳಿ ಕಳಿಸಿದ್ದಾರೆ. ವ್ಯಾನಿನಲ್ಲಿ ಕಿಟಕಿಯ ಪಕ್ಕದ ಒಂದು ಸೀಟು ಅವರಿಗೆ ಇಟ್ಟಿದ್ದೇವೆ.